ಗಾಜಿನ ಸೂರಿನ ಕಾರು

ದ್ವಾದಶಿಯ ಪಾರಣೆಗೆ ಎಲೆ ಹಾಕಿತ್ತು. ಹಿಂದಿನ ದಿನವೆಲ್ಲ ತೊಟ್ಟು ನೀರನ್ನೂ ಮುಟ್ಟದೆ ಏಕಾದಶಿ ಮಾಡಿದ್ದ ಮಧ್ವರಾಜರು ಬೆಳಗಿನ ಪೂಜೆ ಮುಗಿಸಿ, ಅಂಗೈಯಲ್ಲಿ ತೀರ್ಥ ಹಿಡಿದು, ಇನ್ನೇನು ಬಾಯಿಗೆ ಬಿಟ್ಟುಕೊಳ್ಳಬೇಕು, ಅಷ್ಟರಲ್ಲಿ ಮಗಳು ವೃಂದಾ ಒಳಗಿನಿಂದ ಫೋನು ಹಿಡಿದು ಬಂದಳು. ಅವಳ ಮುಖ ನೋಡುತ್ತ ನೋಡುತ್ತ ಮಧ್ವರಾಜರ ಅಂಗೈಯ ತೀರ್ಥ ಬೆರಳ ಸಂದಿಯಿಂದ ಇಳಿದು ಎಲೆಯ ಮೇಲೆ ಬಿತ್ತು.

ಅವರ ಮಗ ಸುಘೋಷ ಮದರಾಸಿನ ಹತ್ತಿರದ ಎಣ್ಣೂರಿನ ಬಂದರಿನಲ್ಲಿ ಇಂಜಿನಿಯರ್. ದೊಡ್ಡ ಹಡಗುಗಳಿಗೆ ಹಗ್ಗ ಕಟ್ಟಿ ದಡಕ್ಕೆ ಎಳೆದು ತರುವ ಟಗ್ ಬೋಟಿನಲ್ಲಿ ಅವನ ಕೆಲಸ. ರಾತ್ರಿ ಎದ್ದ ಗಾಳಿಮಳೆಯಲ್ಲಿ ಆ ಬೋಟು ಮಗುಚಿತ್ತು. ಉಳಿದವರನ್ನೆಲ್ಲ ಮೀನುಗಾರರು ಎತ್ತಿ ತಂದಿದ್ದರು. ಸುಘೋಷ ಮಾತ್ರ ಸಿಕ್ಕಿರಲಿಲ್ಲ.

ಹುಡುಕುವವರು ಹುಡುಕಿದರು. ಹೆಲಿಕಾಪ್ಟರ್ ಹಾರಿತು, ಮುಳುಗುಗಾರರು ಇಳಿದರು. ಕಡೆಗೆ ಬೋಟನ್ನೇ ಮೇಲಕ್ಕೆತ್ತಿದರು. ಒಳಗೆ ಯಾರೂ ಇರಲಿಲ್ಲ. ಬದುಕಿ ಬಂದವರಲ್ಲಿ ಒಬ್ಬ ತ್ರಿಪ್ಲಿಕೇನಿನ ಮನೆಯವರೆಗೂ ಬಂದು, ಹೊಸ್ತಿಲಾಚೆಯೇ ನಿಂತು, ಮಧ್ವರಾಜರಿಗೆ ನಡೆದದ್ದನ್ನು ಹೇಳಿದ. ಇಂಜಿನ್ ಕೋಣೆಯ ಏಣಿಯ ಮೇಲೆ ತಾನಿದ್ದೆ, ಕೆಳಗೆ ಸುಘೋಷನಿದ್ದ. ನೀರು ಒಮ್ಮೆಗೇ ನುಗ್ಗಿತು. ತನ್ನನ್ನು ಹೊರಕ್ಕೆ ಎಸೆಯಿತು. ಅವನು ಮೇಲೆ ಬರಲಿಲ್ಲ. ಇಷ್ಟು ಹೇಳಿ ಆ ಮನುಷ್ಯ ತಲೆ ತಗ್ಗಿಸಿ ಹೊರಟುಹೋದ. ಒಂದು ಲೋಟ ನೀರು ಕೊಟ್ಟರೂ ಕುಡಿಯಲಿಲ್ಲ.

ಸತ್ತವನ ದೇಹ ಸಿಕ್ಕರೆ ಅಳುವುದಕ್ಕೆ ಒಂದು ಜಾಗವಿರುತ್ತದೆ. ಮಧ್ವರಾಜರಿಗೆ ಅದೂ ಇರಲಿಲ್ಲ. ಅವರು ಮಠದ ಆಚಾರ್ಯರನ್ನು ಕೇಳಿದರು. ಆಚಾರ್ಯರು, "ಶಾಸ್ತ್ರದಲ್ಲಿ ಇದಕ್ಕೂ ದಾರಿ ಇದೆ ರಾಯರೇ. ಮುತ್ತುಗದ ಎಲೆ, ದರ್ಭೆಗಳಲ್ಲಿ ಒಂದು ಆಕಾರ ಕಟ್ಟಿ, ತಲೆಯ ಜಾಗದಲ್ಲಿ ತೆಂಗಿನಕಾಯಿ ಇಟ್ಟು ದಹನ ಮಾಡಬೇಕು. ಅಲ್ಲಿಂದ ಮುಂದೆ ಎಲ್ಲ ಕರ್ಮವೂ ಕ್ರಮವಾಗಿ ನಡೆಯುತ್ತೆ. ಮದುವೆಯಾಗದ ಹುಡುಗ. ನೀವೇ ಕೂರಬೇಕು" ಎಂದರು.

"ತಿರುಗಿ ಬಂದರೆ ಅಂತ ಅವನ ತಾಯಿ ಕೇಳ್ತಾಳೆ."

"ಬಂದರೆ ಮತ್ತೆ ಹುಟ್ಟಿದ ಅಂತಲೇ ಲೆಕ್ಕ. ಜಾತಕರ್ಮದಿಂದ ಎಲ್ಲ ಸಂಸ್ಕಾರವನ್ನೂ ಹೊಸದಾಗಿ ಮಾಡಿ ಮನೆಗೆ ಕರ್ಕೋಬಹುದು. ಹಿರಿಯರು ಆ ಬಾಗಿಲನ್ನೂ ಮುಚ್ಚಿಲ್ಲ. ಆದರೆ ರಾಯರೇ, ಕರ್ಮವಿಲ್ಲದೆ ಹೆಚ್ಚು ದಿನ ಬಿಡಬೇಡಿ. ಆ ಜೀವ ಹಸಿದುಕೊಂಡು, ಬಾಯಾರಿಕೊಂಡು, ಇಲ್ಲೂ ಇಲ್ಲದೆ ಅಲ್ಲೂ ಇಲ್ಲದೆ ನಿಂತಿರುತ್ತೆ."

ಈ ಕಡೆಯ ಮಾತು ಮಧ್ವರಾಜರ ಎದೆಯಲ್ಲಿ ಮುಳ್ಳಾಗಿ ಕೂತಿತು. ಅನ್ನದ ತುತ್ತು ಎತ್ತಿದರೆ ಅದೇ ನೆನಪು. ವರ್ಷಗಟ್ಟಲೆ ವಿಮಾ ಕಂಪನಿಯಲ್ಲಿ ಊರವರ ಸಾವುನೋವುಗಳ ಅರ್ಜಿ ವಿಲೇವಾರಿ ಮಾಡಿದವರು ತಮ್ಮ ಮಗನ ಸಾವಿನ ಮುಂದೆ ಕೈಕಟ್ಟಿ ನಿಂತರು. ಏಕೆಂದರೆ ಹೆಂಡತಿ ಜಯಲಕ್ಷ್ಮೀ ಒಪ್ಪಲಿಲ್ಲ.

"ಬದುಕಿರೋ ಮಗನನ್ನ ಎಲೆ ಕಟ್ಟಿ ಸುಡ್ತೀರಾ? ಹೆತ್ತವಳ ಕಣ್ಣೆದುರಿಗೆ?" ಎಂದಳು ಆಕೆ. "ಅವನಿಗೆ ಈಜು ಬರುತ್ತೆ. ಮರೀನಾದ ಅಲೆ ಜತೆ ಬೆಳೆದ ಮಗು. ಯಾವುದೋ ಹಡಗಿನವರು ಎತ್ತಿಕೊಂಡಿರ್ತಾರೆ. ಆ ಹಡಗು ಅಂಡಮಾನಿಗೋ ರಂಗೂನಿಗೋ ಹೋಗಿರುತ್ತೆ. ಹೋದ ಹಡಗು ಬರೋಕೆ ದಿನ ಹಿಡಿಯಲ್ವೇನ್ರೀ?"

ಮಧ್ವರಾಜರಿಗೆ ಇನ್ನೊಂದು ಸಂಕಟವಿತ್ತು. ಮಗ ತೀರಿಕೊಂಡಿದ್ದರೆ ಮನೆಗೆ ಸೂತಕ, ಸಾಲಿಗ್ರಾಮವನ್ನು ಮುಟ್ಟುವಂತಿಲ್ಲ. ಬದುಕಿದ್ದರೆ ಪೂಜೆ ಬಿಡುವಂತಿಲ್ಲ. ಕರ್ಮವಾಗುವ ತನಕ ಸೂತಕವಿಲ್ಲ ಎಂದು ಆಚಾರ್ಯರು ಹೇಳಿದ್ದರೂ ಸಾಲಿಗ್ರಾಮ ಎತ್ತುವ ಮುಂಚೆ ಎರಡೆರಡು ಸಲ ಕೈ ತೊಳೆಯುತ್ತಿದ್ದರು. ಅವರು ದೇವರ ಮುಂದೆ ಕೂತಾಗಲೆಲ್ಲ ಜಯಲಕ್ಷ್ಮೀ ಅಡಿಗೆಮನೆಯಲ್ಲಿ ಕೆಲಸ ನಿಲ್ಲಿಸಿ ಕಿವಿಗೊಟ್ಟಿರುತ್ತಿದ್ದಳು. ಘಂಟೆಯ ಸದ್ದು ಕೇಳಿಸಿದ ಮೇಲೆಯೇ ಪಾತ್ರೆಯ ಸದ್ದು ಶುರುವಾಗುತ್ತಿತ್ತು. ಯಾವ ದಿನ ಘಂಟೆ ನಿಲ್ಲುತ್ತದೋ ಅಂದು ಗಂಡ ಮಗನನ್ನು ಸತ್ತವರ ಲೆಕ್ಕಕ್ಕೆ ಸೇರಿಸಿದ ಎಂದು ಅವಳಿಗೆ ಗೊತ್ತಾಗುತ್ತಿತ್ತು. ಹೀಗಾಗಿ ಮಧ್ವರಾಜರು ದಿನವೂ ಘಂಟೆ ಬಾರಿಸಿದರು. ದೇವರಿಗೋ ಹೆಂಡತಿಗೋ ಎಂದು ಅವರಿಗೇ ತಿಳಿಯದಾಯಿತು.

ದೀಪಾವಳಿ ದೀಪವಿಲ್ಲದೆ ಕಳೆಯಿತು. ಆಮೇಲೆ ಒಂದು ಬೆಳಿಗ್ಗೆ ಶ್ರೀನಾಥ್ ಫೋನು ಮಾಡಿದ. ಪಾಡಿಯ ಹತ್ತಿರ ಹಳೆಯ ಕಾರುಗಳ ವ್ಯಾಪಾರ ಮಾಡುವವನು, ಮಠದಲ್ಲಿ ಪರಿಚಯ. "ಮಾಮಾ, ಕೇಳಬಾರದು, ಆದರೂ ಕೇಳಬೇಕಾಗಿದೆ. ಸುಘೋಷ ನೋಡಿಟ್ಟಿದ್ದ ವಂಡಿ ಇನ್ನೂ ಹಾಗೇ ಇದೆ. ಬೇರೆ ಪಾರ್ಟಿ ಬಂದಿದ್ದಾರೆ. ಏನು ಹೇಳಲಿ?"

ಕಾರಿನ ಮಾತು ಮಧ್ವರಾಜರಿಗೆ ಮರೆತೇಹೋಗಿತ್ತು. ಗಾಳಿಮಳೆಗೆ ಮುಂಚಿನ ಭಾನುವಾರ ಅಪ್ಪಮಗನಿಗೆ ಅದರ ಮೇಲೆ ಜಗಳವಾಗಿತ್ತು. ಜಗಳವೆಂದರೆ ನಗುವ ಜಗಳ. ಒಂದೇ ಮಾದರಿಯ ಎರಡು ಕಾರುಗಳಿದ್ದವು. ಒಂದಕ್ಕೆ ಮೇಲೆ ತಗಡಿನ ಸೂರು, ಇನ್ನೊಂದಕ್ಕೆ ಗಾಜಿನದು.

"ಮದರಾಸಿನ ಬಿಸಿಲಿಗೆ ಗಾಜಿನ ಸೂರು! ಒಳಗೆ ಕೂತವರು ಹಪ್ಪಳ ಆಗ್ತಾರೆ ಕಣೋ" ಎಂದಿದ್ದರು ಮಧ್ವರಾಜರು.

"ಒಳ್ಳೇದೇ ಆಯ್ತಲ್ಲ ಅಣ್ಣಾ. ಹಪ್ಪಳ ಒಣಗಿಸೋಕೆ ಅಮ್ಮ ಮಹಡಿ ಹತ್ತೋದು ತಪ್ಪುತ್ತೆ" ಎಂದಿದ್ದ ಸುಘೋಷ. ಆ ಮನೆಯಲ್ಲಿ ಮಕ್ಕಳು ತಂದೆಯನ್ನು ಅಣ್ಣ ಎಂದೇ ಕರೆಯುತ್ತಿದ್ದರು.

"ಮಳೆ ಬಂದರೆ ಸೋರುತ್ತೆ."

"ಸೋರೋದು ನಿಮ್ಮ ಕೊಡೆ ಅಣ್ಣಾ. ಅದನ್ನು ಬಿಸಾಕಿ ಅಂದ್ರೆ ಕೇಳಲ್ಲ."

ವೃಂದಾ ನಡುವೆ ಬಾಯಿ ಹಾಕಿ, "ಸನ್‌ರೂಫ್ ಬೇಕಂತೆ ದೊರೆಗೆ! ಬೀಚ್ ರೋಡಲ್ಲಿ ತಲೆ ಹೊರಗೆ ಹಾಕಿ ಕೈ ಬೀಸೋಕೆ" ಎಂದು ಒಡಹುಟ್ಟಿದವನನ್ನು ಕೆಣಕಿದ್ದಳು. ಸುಘೋಷ ಆಗ ನಕ್ಕು, "ನಿನಗೇನು ಗೊತ್ತು? ದಿನವೆಲ್ಲ ಕಬ್ಬಿಣದ ಹೊಟ್ಟೆಯೊಳಗೆ ಇರೋನು ನಾನು. ಸಮುದ್ರದ ಮೇಲೇ ಕೆಲಸ, ಆದರೆ ಆಕಾಶ ಕಾಣಲ್ಲ. ನೆಲದ ಮೇಲೆ ಇರೋವಾಗಲಾದರೂ ತಲೆ ಮೇಲೆ ಒಂದಿಷ್ಟು ಬೆಳಕಿರಲಿ" ಎಂದಿದ್ದ. ನೋಡೋಣ, ಬಂದ ಮೇಲೆ ತೀರ್ಮಾನ ಮಾಡೋಣ ಎಂದು ಮಧ್ವರಾಜರು ಮಾತು ಮುಗಿಸಿದ್ದರು.

ಈಗ ಅವರು ಶ್ರೀನಾಥನಿಗೆ ಬೇಡವೆಂದು ಹೇಳಬೇಕೆಂದಿದ್ದರು. ಅಷ್ಟರಲ್ಲಿ ಜಯಲಕ್ಷ್ಮೀ ಬಾಗಿಲಲ್ಲಿ ನಿಂತಿದ್ದಳು.

"ಆ ಕಾರು ಬೇಕು ಅನ್ನಿ. ಗಾಜಿನದ್ದೇ."

"ಯಾರು ಓಡಿಸ್ತಾರೆ ಜಯಾ? ನನಗೆ ಕಣ್ಣು ಸರಿಯಾಗಿ ಕಾಣಲ್ಲ. ವೃಂದಾ ಬಸ್ಸಲ್ಲಿ ಬ್ಯಾಂಕಿಗೆ ಹೋಗ್ತಾಳೆ."

"ಅವನು ಬಂದು ಓಡಿಸ್ತಾನೆ."

"ಸರಿ, ಕಾರೇ ಬೇಕಂದ್ರೆ ತಗಡಿನ ಸೂರಿನದ್ದು ತಗೋಳೋಣ. ಗಾಜಿನದ್ದಕ್ಕೆ ರಬ್ಬರು ಹೋಗುತ್ತೆ, ನೀರು ಹರಿಯೋ ಕೊಳವೆ ಕಟ್ಟುತ್ತೆ, ರಿಪೇರಿ..."

"ನಿಮಗೆ ಸೂರಿನ ಚಿಂತೆಯೇನ್ರೀ?" ಎಂದಳು ಆಕೆ. ದನಿ ಏರಿಸಲಿಲ್ಲ. "ಅವನು ಬರಲ್ಲ ಅಂತ ಬಾಯಿಬಿಟ್ಟು ಹೇಳೋ ಧೈರ್ಯ ಇಲ್ಲ ನಿಮಗೆ. ಅದಕ್ಕೆ ರಬ್ಬರು, ಕೊಳವೆ ಅಂತೀರಿ."

ಅಂದು ಇಡೀ ಹಗಲು ಮನೆಯಲ್ಲಿ ಅದೇ ಮಾತು. ಗಾಜು ಬಿಸಿಲಿಗೆ ಕಾಯುತ್ತದೆ ಎಂದರೆ ಪರದೆ ಇದೆ ಎಂದಳು. ಒಡೆಯುತ್ತದೆ ಎಂದರೆ ಗಟ್ಟಿ ಗಾಜು ಎಂದಳು. ವೃಂದಾ ಕಡೆಗೆ, "ಪೋದುಂ ಅಮ್ಮಾ, ಸಾಕು ಅಣ್ಣಾ. ಇಬ್ಬರೂ ಕಾರಿನ ಬಗ್ಗೆ ಮಾತಾಡ್ತಾ ಇಲ್ಲ. ನನಗೂ ಗೊತ್ತು" ಎಂದು ಅತ್ತಳು.

ಆಗ ಮಧ್ವರಾಜರಿಗೆ ಒಂದು ಯೋಚನೆ ಬಂತು. ಆ ಸೂರು ಸೋರುತ್ತದೆಂದು ಹೆಂಡತಿಯ ಕಣ್ಣೆದುರಿಗೇ ಗೊತ್ತಾಗಿಬಿಟ್ಟರೆ? ಕೆಟ್ಟ ಸಾಮಾನು ಎಂದು ಅವಳೇ ಬೇಡವೆಂದರೆ? ಒಂದನ್ನು ಬಿಟ್ಟವಳು ಮೆಲ್ಲಗೆ ಇನ್ನೊಂದನ್ನೂ ಬಿಡಬಹುದು. ಅಮಾವಾಸ್ಯೆಗೆ ಮುಂಚೆ ಕರ್ಮಕ್ಕೆ ಕೂರಬಹುದು. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಎಂಬಂತೆ ಅವರು ಆ ಯೋಚನೆಯನ್ನು ಹಿಡಿದುಕೊಂಡರು. "ನಡಿ, ಹೋಗಿ ನೋಡೇ ಬರೋಣ" ಎಂದರು.

ಮೂವರೂ ಆಟೋದಲ್ಲಿ ಪಾಡಿಗೆ ಹೋದರು. ಮಳೆ ತೆರಪಾಗಿ ಬಿಸಿಲು ಸುಡುತ್ತಿತ್ತು. ಶ್ರೀನಾಥನ ಅಂಗಳದಲ್ಲಿ ಕಾರುಗಳು ಸಾಲಾಗಿ ನಿಂತಿದ್ದವು. ಸುಘೋಷ ಆರಿಸಿದ್ದು ಬಿಳಿಯದು.

"ಬನ್ನಿ ಮಾಮಿ" ಎಂದು ಶ್ರೀನಾಥ್ ಜಯಲಕ್ಷ್ಮಿಯ ಮುಖ ನೋಡಲಾರದೆ ಕಾರಿನ ಮುಖ ನೋಡುತ್ತ ಹೇಳಿದ. "ಡಾಕ್ಟರೊಬ್ಬರ ವಂಡಿ. ಚೆನ್ನಾಗಿ ಇಟ್ಕೊಂಡಿದ್ದಾರೆ."

ಜಯಲಕ್ಷ್ಮೀ ಹಿಂದಿನ ಸೀಟಿನಲ್ಲಿ ಹೋಗಿ ಕೂತಳು. ತಲೆ ಹಿಂದಕ್ಕೆ ಒರಗಿಸಿ ಮೇಲೆ ನೋಡಿದಳು. ಗಾಜಿನಾಚೆ ಆಕಾಶ ಬೆಳ್ಳಗೆ ಇತ್ತು. ಎಷ್ಟೋ ದಿನಗಳ ಮೇಲೆ ಅವಳ ಮುಖದಲ್ಲಿ ಒಂದಿಷ್ಟು ಸಡಿಲ ಕಂಡಿತು. "ಚೆನ್ನಾಗಿದೆ. ಅವನು ಹೇಳಿದ್ದು ಸರಿ" ಎಂದಳು.

ಸಮಯ ಕಳೆದರೆ ಕೆಲಸ ಕೆಡುತ್ತದೆಂದು ಮಧ್ವರಾಜರು ಅವಸರದಿಂದ, "ಸೋರುತ್ತಾ ನೋಡಬೇಕಪ್ಪ. ನೀರು ಬಿಡು. ಇವಳು ಒಳಗೇ ಇರಲಿ, ಹನಿ ಬಿದ್ದರೆ ಅವಳಿಗೇ ಗೊತ್ತಾಗುತ್ತೆ" ಎಂದರು.

"ಬಿಡೋಣ ಮಾಮಾ, ಧಾರಾಳವಾಗಿ. ಮಳೆಗಾಲವೆಲ್ಲ ಬಯಲಲ್ಲಿ ನಿಂತ ವಂಡಿ ಇದು. ಅತ್ತೆಮನೆಗೆ ಬಂದ ಅಳಿಯನ ಹಾಗೆ, ಎಷ್ಟು ಸುರಿದರೂ ಅಲುಗಲ್ಲ" ಎಂದು ಶ್ರೀನಾಥ್ ತಮಾಷೆ ಮಾಡಿದ. ಯಾರೂ ನಗಲಿಲ್ಲ. ಅವನು ನಾಲ್ಕೂ ಬಾಗಿಲು ಹಾಕಿ, ಕಾರು ತೊಳೆಯುವ ಪೈಪನ್ನು ಎಳೆದು ತಂದು, ಮೋಟಾರು ಹಾಕಿ ಸೂರಿನ ಮೇಲೆ ನೀರು ಬಿಟ್ಟ.

ಒಳ್ಳೆಯ ಸೂರಾದರೆ ಅಂಚಿನಲ್ಲಿ ನಿಂತ ನೀರು ಒಳಗಿನ ಕೊಳವೆಗಳಲ್ಲಿ ಇಳಿದು ಗಾಲಿಯ ಹತ್ತಿರ ಹೊರಗೆ ಬರಬೇಕು. ಅದನ್ನು ವೃಂದಾ ಫೋನಿನಲ್ಲಿ ನೋಡಿ ಹೇಳಿದ್ದಳು. ಮಧ್ವರಾಜರು ಮೊಣಕಾಲೂರಿ ಗಾಲಿಯ ಬಳಿ ಬಗ್ಗಿ ಕೂತರು. ನೀರು ಬರಬಾರದೆಂದು ಮನಸ್ಸಿನಲ್ಲೇ ಬೇಡಿಕೊಂಡರು. ನೀರು ಬಂತು. ಸಣ್ಣಗೆ, ಸರಾಗವಾಗಿ, ನೆಲಕ್ಕೆ ಇಳಿಯಿತು. ಇನ್ನೊಂದು ಗಾಲಿಯ ಬಳಿಗೆ ಹೋದರು. ಅಲ್ಲೂ ಬಂತು.

ಮೋಟಾರಿನ ಸದ್ದಿನಲ್ಲಿ ಎಲ್ಲೋ ದಬ್ ದಬ್ ಎಂದು ಬಡಿದ ಹಾಗೆ ಕೇಳಿಸಿತು. ತಗಡಿನ ಮೇಲೆ ನೀರು ಬೀಳುವ ಸದ್ದೆಂದು ಅವರು ತಿಳಿದರು.

"ಅಣ್ಣಾ! ಅಮ್ಮ!" ಎಂದು ವೃಂದಾ ಕಿರುಚಿದಳು.

ಮಧ್ವರಾಜರು ಎದ್ದು ನೋಡಿದರು. ಕಿಟಕಿಯ ಮೇಲೆ ನೀರು ಪರದೆಯಂತೆ ಇಳಿಯುತ್ತಿತ್ತು. ಅದರಾಚೆ ಜಯಲಕ್ಷ್ಮೀ ಎರಡೂ ಕೈ ಮೇಲೆತ್ತಿ ಸೂರಿನ ಗಾಜನ್ನು ಬಡಿಯುತ್ತಿದ್ದಳು. ಬಾಯಿ ತೆರೆದಿತ್ತು. ಏನೋ ಕೂಗುತ್ತಿದ್ದಳು. ಹೊರಗೆ ಒಂದಕ್ಷರವೂ ಕೇಳಿಸುತ್ತಿರಲಿಲ್ಲ. ಮಕ್ಕಳು ತೆರೆಯದಿರಲೆಂದು ಹಿಂದಿನ ಬಾಗಿಲಿಗೆ ಹಾಕಿದ್ದ ಬೀಗ ಒಳಗಿನಿಂದ ಬಿಡುತ್ತಿರಲಿಲ್ಲ. ಶ್ರೀನಾಥ್ ಆ ಕಡೆ ನಿಂತು, ಏನೂ ಕಾಣದೆ, ಇನ್ನೂ ನೀರು ಬಿಡುತ್ತಲೇ ಇದ್ದ.

ಮಧ್ವರಾಜರ ಒದ್ದೆ ಕೈ ಬಾಗಿಲ ಹಿಡಿಯ ಮೇಲೆ ಜಾರಿತು. ಮತ್ತೆ ಹಿಡಿದರು, ಮತ್ತೆ ಜಾರಿತು. ಕಡೆಗೆ ವೃಂದಾ ಬಾಗಿಲು ಎಳೆದು ತೆಗೆದಳು.

ಜಯಲಕ್ಷ್ಮೀ ಹೊರಗೆ ಬಿದ್ದಂತೆ ಬಂದು ನೆಲದ ಮೇಲೆ ಕೂತಳು. ಉಸಿರಿಗಾಗಿ ಬಾಯಿ ಬಾಯಿ ಬಿಟ್ಟಳು. ಸೀರೆಯ ಮೇಲೆ ಒಂದು ಹನಿಯೂ ಇರಲಿಲ್ಲ.

ಮೋಟಾರು ನಿಂತಿತು. "ನೋಡಿದಿರಾ ಮಾಮಾ, ಒಂದು ತೊಟ್ಟೂ..." ಎನ್ನುತ್ತ ಬಂದ ಶ್ರೀನಾಥ್ ಅಲ್ಲೇ ನಿಂತುಬಿಟ್ಟ.

ಮಧ್ವರಾಜರು ಹೆಂಡತಿಯ ಮುಂದೆ ಕುಸಿದರು. ಏನು ಮಾಡಿಬಿಟ್ಟೆನೆಂದು ಆಗ ಅವರಿಗೆ ತಿಳಿಯಿತು. "ಜಯಾ, ನನಗೆ ಹೊಳೆಯಲಿಲ್ಲ. ಸತ್ಯವಾಗಿ ಹೊಳೆಯಲಿಲ್ಲ" ಎಂದರು.

ಆಕೆ ಅವರನ್ನು ಬಯ್ಯಲಿಲ್ಲ. ನೀರು ಸೋಕದ ತನ್ನ ಎರಡು ಅಂಗೈಗಳನ್ನು ನೋಡಿಕೊಳ್ಳುತ್ತ, "ಮೇಲೆ ಬೆಳಕು ಕಾಣುತ್ತೆ ಕಣ್ರೀ" ಎಂದಳು. "ನೀರಿನ ಆಚೆಗೆ ಕಾಣುತ್ತೆ. ಅಲ್ಲೇ ಇದೆ ಅನ್ಸುತ್ತೆ. ಕೂಗಿದರೆ ಯಾರಿಗೂ ಕೇಳಿಸಲ್ಲ." ಸ್ವಲ್ಪ ಹೊತ್ತಿನ ಮೇಲೆ, "ಅಮ್ಮಾ ಅಂತಲೇ ಕೂಗಿರ್ತಾನೆ. ನಾನು ಆಗ ಏಕಾದಶಿ ಅಂತ ಬೇಗ ಮಲಗಿದ್ದೆ" ಎಂದಳು.

ವೃಂದಾ ಅವಳನ್ನು ತಬ್ಬಿಕೊಂಡಳು. ಆ ಸುಡುವ ಅಂಗಳದಲ್ಲಿ, ಮಾರಾಟಕ್ಕಿಟ್ಟ ಕಾರುಗಳ ನಡುವೆ, ಜಯಲಕ್ಷ್ಮೀ ಮೊದಲ ಸಲ ಎದೆ ಬಡಿದುಕೊಂಡು ಅತ್ತಳು. ಅವಳು ಅತ್ತರೆ ತಮ್ಮ ಭಾರ ಇಳಿಯುತ್ತದೆಂದು ಮಧ್ವರಾಜರು ಇಷ್ಟು ದಿನ ಕಾದಿದ್ದರು. ಇಳಿಯಲಿಲ್ಲ. ಅವಳ ನಂಬಿಕೆಯ ನೆರಳಿನಲ್ಲಿ ತಾವೂ ಒಂದಿಷ್ಟು ನಿಂತಿದ್ದೆವೆಂದು, ಆ ನೆರಳು ಹೋದ ಮೇಲೆ ಗೊತ್ತಾಯಿತು.

ಮನೆಗೆ ಬರುವಾಗ ಆಟೋದಲ್ಲಿ ಅವಳೇ ಹೇಳಿದಳು: "ಆಚಾರ್ಯರಿಗೆ ಹೇಳಿಕಳಿಸಿ. ನನ್ನ ಮಗ ಬಾಯಾರಿದ್ದಾನೆ."

ಗಾಜಿನ ಸೂರು ಬೇಕೇ ಬೇಡವೇ ಎಂಬ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ. ಕಾರನ್ನು ಬೇರೆಯವರು ಕೊಂಡರು.

ಅಮಾವಾಸ್ಯೆಗೆ ಮುಂಚೆ ಕರ್ಮಕ್ಕೆ ಕೂತದ್ದಾಯಿತು. ಎಲೆಯ ಮೈ ಒಂದು ಗಳಿಗೆಯೊಳಗೆ ಉರಿದುಹೋಯಿತು. ಇಷ್ಟು ವರ್ಷ ಬೆಳೆಸಿದ ಮಗ ಅಷ್ಟು ಬೇಗ ಉರಿದುಹೋಗುವುದನ್ನು ತಂದೆ ನೋಡಿದರು. ಆಮೇಲೆ ಎಳ್ಳು ನೀರು ಬಿಡಬೇಕು. ಆಚಾರ್ಯರು ಮಂತ್ರ ಹೇಳಿದರು. ಮಧ್ವರಾಜರ ಕೈ ನಿಂತುಬಿಟ್ಟಿತು. "ಆಚಾರ್ಯರೇ, ನೀರಿನಲ್ಲೇ ಹೋದವನು. ಇವನಿಗೆ ಇನ್ನೂ ನೀರೇ?" ಎಂದು ಕೇಳಿದರು.

"ಅದು ಉಪ್ಪು ನೀರು ರಾಯರೇ" ಎಂದರು ಆಚಾರ್ಯರು, ಕಣ್ಣು ಒರೆಸಿಕೊಳ್ಳುತ್ತ. "ಇದು ತಂದೆ ಕೊಡೋ ನೀರು. ಬಿಡಿ."

ಮಧ್ವರಾಜರು ಬಿಟ್ಟರು. ಮಗ ತಮಗೆ ಬಿಡಬೇಕಾಗಿದ್ದ ನೀರನ್ನು ತಾವು ಮಗನಿಗೆ ಬಿಟ್ಟು, ಮಂತ್ರ ಮುಗಿದ ಮೇಲೆಯೂ ಕೈ ಜೋಡಿಸಿಕೊಂಡೇ ಕೂತು, ತಮ್ಮ ಮಾತಿನಲ್ಲೇ ಕೇಳಿಕೊಂಡರು:

"ಮುಖ್ಯಪ್ರಾಣನ ಅಂತರ್ಗತನಾದ ನಾರಾಯಣನೇ, ನನ್ನ ಮಗ ಸುಘೋಷ ಇಷ್ಟು ದಿನ ದಿಕ್ಕಿಲ್ಲದೆ ನಿಂತಿದ್ದ. ಅವನ ಕೈ ಹಿಡಿ. ಅವನ ಹಸಿವು ಅಡಗಲಿ, ಬಾಯಾರಿಕೆ ಅಡಗಲಿ, ಕಡೆಯ ಗಳಿಗೆಯ ಭಯ ಅವನ ನೆನಪಿನಿಂದ ಅಳಿಸಿಹೋಗಲಿ. ನಮಗೆ ಏನನ್ನೂ ಕೇಳುವುದಿಲ್ಲ. ಅವನಿಗೆ ನಿನ್ನ ಪಾದದಲ್ಲಿ ಜಾಗ ಕೊಡು. ಆ ಮಗುವಿಗೆ ಶಾಂತಿ ಕೊಡು."