ಫಿಯೆಟ್ಟನ್ನು ಎಬ್ಬಿಸಿದ ಪೆಟ್ಟಿಗೆ

ನಾನು ಒಂದು ಜಂಪ್ ಸ್ಟಾರ್ಟರ್. ಬ್ಯಾಟರಿ ಸತ್ತು ನಿಂತ ಕಾರಿಗೆ ಒಂದು ಕ್ಷಣ ಬಲ ಕೊಟ್ಟು ಎಬ್ಬಿಸುವ ಪೆಟ್ಟಿಗೆ. ಕಾರ್ಖಾನೆಯಲ್ಲಿ ನನ್ನ ಹೊಟ್ಟೆಗೆ ಬ್ಯಾಟರಿ ತುಂಬಿದರು, ನೆತ್ತಿಗೆ ಹಿಡಿ ಕೂರಿಸಿದರು, ಎದೆಗೊಂದು ದೀಪ ಇಟ್ಟರು, ಕೆಂಪು ಕಪ್ಪು ಬಣ್ಣದ ಎರಡು ಕ್ಲಿಪ್ಪು ಕೊಟ್ಟರು. ಎಂಥ ಎಂಜಿನ್ನನ್ನೂ ಎಬ್ಬಿಸುತ್ತೇನೆಂಬ ಜಂಬ ನನಗೆ ಅಂದೇ ಬಂತು. ಆ ಜಂಬವೇ ನನ್ನನ್ನು ಹಾಳು ಮಾಡಿತು.

ತುಮಕೂರಿನ ನಾಗಭೂಷಣ ಮೇಷ್ಟ್ರು ನನ್ನನ್ನು ಕೊಂಡರು. ಅವರ ಹಳೆಯ ಫಿಯೆಟ್ ಬೆಳಗಾದರೆ ಮುಷ್ಕರ ಹೂಡುತ್ತಿತ್ತು. ನನ್ನನ್ನು ಎರಡು ಸಲ ಬಳಸುವಷ್ಟರಲ್ಲಿ ಮೇಷ್ಟ್ರೇ ತೀರಿಕೊಂಡರು. ಕಾರು ಶೆಡ್ಡಿನಲ್ಲಿ ನಿಂತಿತು. ಅದರ ಬ್ಯಾಟರಿಯನ್ನೂ ತೆಗೆದುಹಾಕಿದರು. ನಾನು ಅವರ ಹೆಂಡತಿ ವಿಶಾಲಾಕ್ಷಮ್ಮನವರ ಅಡುಗೆಮನೆ ಸೇರಿದೆ.

ಆಮೇಲಿನ ನನ್ನ ಗತಿ ಕೇಳಬೇಡಿ. ಕರೆಂಟು ಹೋದರೆ ನನ್ನ ಎದೆಯ ಬೆಳಕಿನಲ್ಲಿ ಒಗ್ಗರಣೆ. ಅಕ್ಕಪಕ್ಕದ ಮನೆಯ ಫೋನುಗಳೆಲ್ಲ ನನ್ನನ್ನೇ ಹೀರುತ್ತಿದ್ದವು. ಕಾರಿನ ಪುಟ್ಟ ಫ್ಯಾನನ್ನು ನನಗೆ ಸಿಕ್ಕಿಸಿಕೊಂಡು ಅಮ್ಮ ರೊಟ್ಟಿ ತಟ್ಟುತ್ತಿದ್ದರು. ಮಹಡಿಯಲ್ಲಿ ಸಂಡಿಗೆ ಹಾಕಿದ ದಿನವಂತೂ ಪಂಚೆ ಹಾರದಂತೆ ಅದರ ಮೂಲೆಯ ಮೇಲೆ ಕಲ್ಲಿನ ಬದಲು ನನ್ನನ್ನೇ ಕೂರಿಸುತ್ತಿದ್ದರು. ಕಾಗೆಗಳು ನನ್ನ ತಲೆಯ ಮೇಲೇ ಕೂರುತ್ತಿದ್ದವು. ನಾನು ಮುಖ ಊದಿಸಿಕೊಂಡಿರುತ್ತಿದ್ದೆ.

ಒಂದು ಕೆಲಸ ಮಾತ್ರ ಇಷ್ಟವಾಗುತ್ತಿತ್ತು. ಮಧ್ಯಾಹ್ನ ಊಟವಾದ ಮೇಲೆ ಅಮ್ಮ ನನ್ನನ್ನು ಶೆಡ್ಡಿಗೆ ಹೊತ್ತೊಯ್ದು, ಫಿಯೆಟ್ಟಿನ ಬಾನೆಟ್ ಎತ್ತಿ, ಬ್ಯಾಟರಿ ಇದ್ದ ಜಾಗದ ತಂತಿಗಳಿಗೆ ನನ್ನ ಕ್ಲಿಪ್ಪು ಕಚ್ಚಿಸುತ್ತಿದ್ದರು. ಎಡಗಡೆ ಸೀಟಿನ ತಮ್ಮ ಜಾಗದಲ್ಲಿ ಕೂತು ಕಾರಿನ ರೇಡಿಯೊ ಹಾಕುತ್ತಿದ್ದರು. ಬಲಗಡೆಯ ಖಾಲಿ ಸೀಟಿಗೆ ಮನೆಯ ಸುದ್ದಿಯೆಲ್ಲ ಒಪ್ಪಿಸುತ್ತಿದ್ದರು.

"ನಿಮ್ಮ ಮಗ ಇವತ್ತೂ ಕೊಡೆ ಮರೆತು ಹೋದ, ಕೇಳಿಸ್ತಾ?"

ನಾಲ್ಕು ವರ್ಷ ಹೀಗೇ ನಡೆಯಿತು. ಆ ಅರ್ಧ ಗಂಟೆಗಾಗಿ ಅಮ್ಮ ದಿನಾ ಸಂಜೆ ನನ್ನನ್ನು ತಪ್ಪದೆ ಚಾರ್ಜಿಗೆ ಹಾಕುತ್ತಿದ್ದರು.

ಸೊಸೆ ವಿನುತಾಗೆ ಹೊಲಿಗೆ ಅಂಗಡಿ ಇಡುವ ಆಸೆ. ಮನೆಯಲ್ಲಿದ್ದ ಜಾಗ ಆ ಶೆಡ್ಡೊಂದೇ. ಸೊಸೆಯೆಂದರೆ ಅಮ್ಮನಿಗೆ ಪ್ರಾಣ, ಇಲ್ಲವೆನ್ನಲು ಬಾಯಿ ಬರಲಿಲ್ಲ. ಮಗ ಮಧುಸೂದನನಿಗೆ ಒಂದು ಷರತ್ತು ಹಾಕಿದರು.

"ಗುಜರಿಗೆ ಮಾತ್ರ ಕೊಡಲ್ಲ ಕಣೋ. ಚಾಲೂ ಆಗಿ ತಾನೇ ಓಡ್ಕೊಂಡು ಹೋಗೋದಾದ್ರೆ ಯಾರಿಗಾದ್ರೂ ಕೊಡೋಣ. ಆಗ್ಲಿಲ್ಲ ಅಂದ್ರೆ ಇಲ್ಲೇ ಇರ್ಲಿ."

ಅದು ಏಳುವುದಿಲ್ಲವೆಂಬ ಧೈರ್ಯ ಅವರಿಗೆ. ನನ್ನ ದಡ್ಡ ತಲೆಗೆ ಅದು ಹೊಳೆಯಲಿಲ್ಲ.

ಕೊಳ್ಳಲು ಬಂದವರು ಮೆಕ್ಯಾನಿಕ್ ಇಲಿಯಾಸನನ್ನು ಕರೆತಂದರು. ಅವನು ಕಾರ್ಬೊರೇಟರ್ ತೊಳೆದು, ಹೊಸ ಪೆಟ್ರೋಲು ಹಾಕಿ, ಬ್ಯಾಟರಿ ಕೇಳಿದ. ವಿನುತಾ ಒಳಗಿನಿಂದ ನನ್ನನ್ನು ತಂದುಕೊಟ್ಟಳು. ಮೊದಲ ಸಲ ಎಂಜಿನ್ ಕೆಮ್ಮಿ ಸುಮ್ಮನಾಯಿತು. ಎರಡನೆಯ ಸಲವೂ ಅಷ್ಟೇ.

"ಬಿಟ್ಬಿಡಪ್ಪಾ ಪಾಪ, ವಯಸ್ಸಾಗಿದೆ ಅದಕ್ಕೆ" ಎಂದರು ಅಮ್ಮ.

ಆ ದನಿಯಲ್ಲಿ ಎಷ್ಟು ಸಮಾಧಾನವಿತ್ತು! ನನಗೆ ಮಾತ್ರ ಅವಮಾನವಾಯಿತು. ಮೂರನೆಯ ಸಲ ಹೊಟ್ಟೆಯಲ್ಲಿದ್ದ ಬಲವನ್ನೆಲ್ಲ ಒಟ್ಟಿಗೆ ಕೊಟ್ಟುಬಿಟ್ಟೆ. ಫಿಯೆಟ್ ಗುಡುಗಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಹೆಮ್ಮೆಯಿಂದ ಅಮ್ಮನತ್ತ ನೋಡಿದೆ. ಅವರು ಬಾಗಿಲು ಹಿಡಿದುಕೊಂಡು ನಿಂತಿದ್ದರು. ಆಡಿದ ಮಾತಿಗೆ ತಪ್ಪುವವರಲ್ಲ ಅವರು. ಸಂಜೆಯೊಳಗೆ ಹೊಸ ಬ್ಯಾಟರಿ ಹಾಕಿಸಿಕೊಂಡು ಕಾರು ಗೇಟು ದಾಟಿತು.

ವಿನುತಾಳ ಅಂಗಡಿ ಚೆನ್ನಾಗಿ ನಡೆಯುತ್ತಿದೆ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಈಗ ನನಗೂ ವಯಸ್ಸಾಯಿತು, ಚಾರ್ಜು ನಿಲ್ಲುವುದಿಲ್ಲ. ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಕೂತಿರುತ್ತೇನೆ. ಸಂಡಿಗೆಯ ಕಾಲದಲ್ಲಿ ಮಹಡಿಗೆ ಹೋಗಿ ಪಂಚೆ ಕಾಯುತ್ತೇನೆ. ಈಗ ಮುಖ ಊದಿಸಿಕೊಳ್ಳುವುದಿಲ್ಲ. ಆ ದಿನ ನಾನು ಕೈಕೊಡಬೇಕಿತ್ತು ಎಂದು ಮಾತ್ರ ದಿನವೂ ಅನಿಸುತ್ತದೆ. ಅಮ್ಮನಿಗೆ ನನ್ನ ಮುಖ ಕಂಡರಾಗದು ಎಂದೇ ತಿಳಿದಿದ್ದೆ.

ಮೊನ್ನೆ ಮಧುಸೂದನ ನನ್ನನ್ನು ಗುಜರಿಗೆ ಹಾಕಲು ಎತ್ತಿಕೊಂಡ. ಅಮ್ಮ ಅಡ್ಡ ಬಂದು, ಅವನ ಕೈಯಿಂದ ನನ್ನನ್ನು ಕಿತ್ತುಕೊಂಡು, ಸೆರಗಿನಿಂದ ಧೂಳು ಒರೆಸಿದರು.

"ಇದರದ್ದೇನೋ ತಪ್ಪು? ಕಾರು ಹೋಗೋ ಹಿಂದಿನ ದಿನ ಇದನ್ನ ಚಾರ್ಜಿಗೆ ಹಾಕಿದ್ದು ನಾನೇ. ಮಧ್ಯಾಹ್ನ ರೇಡಿಯೊ ಕೇಳ್ಬೇಕಲ್ಲ ಅಂತ."