ಸೀಗಡಿ ಸುಲಿಯುವವರ ಹೇಳಿಕೆ

"ಒತ್ತೇ ಮುಂಡೆ, ಸರಿಯಾಗ್ ಒತ್ತು! ಬೆರಳಲ್ಲಿ ಒಂದ್ ಗೆರೇನೂ ಇಲ್ವಲ್ಲೇ ನಿಂಗೆ!"

ಮ್ಯಾನೇಜರ್ ಮೊಫಿಜುಲ್ ಮೂರನೆಯ ಸಲ ಕೊಹಿನೂರಳ ಹೆಬ್ಬೆರಳನ್ನು ಛಾಪಾಕಾಗದದ ಮೇಲೆ ಅದುಮಿದ. ಮತ್ತೆ ಬರೀ ಕಪ್ಪು ಕಲೆ. ಬಾಂಗ್ಲಾದೇಶದ ಖುಲ್ನಾದ ಈ ಸೀಗಡಿ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಐಸಿನೊಳಗೆ ಕೈಯಿಟ್ಟು ಸೀಗಡಿ ಸುಲಿದು ಅವಳ ಬೆರಳು ಸವೆದುಹೋಗಿದ್ದವು.

ಢಾಕಾದಿಂದ ಬಂದಿದ್ದ ವಕೀಲ ಮೂಗಿಗೆ ಕರವಸ್ತ್ರ ಹಿಡಿದು ಕೂತಿದ್ದ. ತೂಕ ಹೆಚ್ಚಲೆಂದು ಸೀಗಡಿಗೆ ಜೆಲ್ಲಿ ಚುಚ್ಚಿದ್ದಾರೆಂದು ಸರ್ಕಾರ ರಫ್ತಿನ ಸಹಾಯಧನ ತಡೆಹಿಡಿದಿತ್ತು. ಅದನ್ನು ಕೊಡಿಸಿ ಎಂದು ಕಂಪನಿ ಹೈಕೋರ್ಟಿಗೆ ಹೋಗಿತ್ತು. ಅಲ್ಲಿ ಸಲ್ಲಿಸಲು ಸುಲಿಯುವ ಹೆಂಗಸರ ಹೆಸರಲ್ಲಿ ಒಂದು ಹೇಳಿಕೆ ಬರೆದು ತಂದಿದ್ದ ವಕೀಲ.

"ಏನ್ ಬರ್ದಿದೀರಿ ಸಾಹೇಬ್ರೆ ಇದ್ರಲ್ಲಿ?" ಕೊಹಿನೂರ್ ವಕೀಲನನ್ನು ಕೇಳಿದಳು.

"ನಿಂಗ್ಯಾಕೆ ಅದು? ಕೇಸ್ ಗೆದ್ರೆ ಈದ್‌ಗೆ ಎಲ್ರಿಗೂ ಸೀರೆ," ಎಂದ ಮೊಫಿಜುಲ್.

ಕೊಹಿನೂರ್ ಕಾಗದ ಎಳೆದುಕೊಂಡಳು. ಅವಳು ನಾಲ್ಕನೇ ಕ್ಲಾಸು ಓದಿದ್ದಳು. ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಸಾಲುಗಳ ಮೇಲೆ ಬೆರಳಾಡಿಸುತ್ತ ನಿಧಾನವಾಗಿ ಓದಿದಳು: 'ಹೆಚ್ಚಿನ ಕೂಲಿಯ ಆಸೆಗೆ ನಾವು ಹೆಂಗಸರೇ, ಕಂಪನಿಗೆ ತಿಳಿಯದಂತೆ, ಜೆಲ್ಲಿ ಚುಚ್ಚಿದೆವು.'

"ಏನಂತೆ ಖಾಲಾ?" ಅವಳನ್ನು ಚಿಕ್ಕಮ್ಮನೆಂದೇ ಕರೆಯುತ್ತಿದ್ದ ರೂಪಬಾನ್ ಹಿಂದಿನಿಂದ ಕೇಳಿದಳು.

"ನಾವೇ ಕಳ್ಳೀರಂತೆ ಕಣೇ. ಇವ್ರಿಗೆ ಗೊತ್ತೇ ಇರ್ಲಿಲ್ವಂತೆ."

"ಥೂ, ಇವ್ನ್ ಬಾಯಿಗ್ ಮಣ್ಣಾಕ! ದಿನಾ ಸೂಜಿ ಹಂಚ್ತಿದ್ದೋನ್ ಯಾರು, ಇವನಪ್ಪನಾ?"

ವಕೀಲ ಕರವಸ್ತ್ರ ತೆಗೆದ. "ಇದೆಲ್ಲ ಬರೀ ಶಾಸ್ತ್ರಕ್ಕೆ ಕಣಮ್ಮಾ. ಬಡವರನ್ನ ಕೋರ್ಟು ಏನೂ ಮಾಡಲ್ಲ."

"ಮಾಡಲ್ವಾ? ಹಂಗಾದ್ರೆ ನಿಮ್ಮ ಹೆಂಡ್ತಿ ಹೆಸ್ರು ಬರ್ಕೊಳ್ಳಿ ಸಾಹೇಬ್ರೆ," ಎಂದಳು ಕೊಹಿನೂರ್.

ಮೊಫಿಜುಲ್ ಅವಳ ಕೆನ್ನೆಗೆ ಬಾರಿಸಿದ. ಕೊಹಿನೂರಳ ಕಿವಿ ಗುಂಯ್ ಎಂದಿತು. ಅವಳು ಕೆನ್ನೆ ಮುಟ್ಟಿಕೊಳ್ಳಲಿಲ್ಲ. ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು ಆ ಸಾಲುಗಳ ಕೆಳಗೆ ದೊಡ್ಡ ಸೊಟ್ಟ ಅಕ್ಷರಗಳಲ್ಲಿ ಬರೆದಳು: 'ಸುಳ್ಳು. ಸೂಜಿ ಕೊಟ್ಟವನು ಮೊಫಿಜುಲ್. ಜೆಲ್ಲಿ ಕುದಿಸಿದ್ದು ಕಂಪನಿ ಒಲೆಯಲ್ಲಿ. ಚುಚ್ಚದವರನ್ನು ಹೊರಗೆ ಹಾಕಿದರು.' ಕೆಳಗೆ ತನ್ನ ಪೂರ್ತಿ ಹೆಸರು. ರೂಪಬಾನ್ ಮುಂದೆ ಬಂದು ಶಾಯಿಯಲ್ಲಿ ಬೆರಳದ್ದಿ ಒತ್ತಿದಳು. ಅವಳ ಹಿಂದಿನವಳೂ ಒತ್ತಿದಳು.

"ಆ ಕಾಗದ ಕಿತ್ಕೊಳ್ರೀ!" ವಕೀಲ ಎದ್ದೇಬಿಟ್ಟ.

ಕೊಹಿನೂರ್ ಕಾಗದ ಮಡಚಿ ರವಿಕೆಯೊಳಗೆ ತುರುಕಿಕೊಂಡಳು. "ಬಾರೋ, ತಗೋ ಬಾ."

ಮೊಫಿಜುಲ್ ಒಂದು ಹೆಜ್ಜೆಯಿಟ್ಟು ನಿಂತ. ನಲವತ್ತು ಹೆಂಗಸರು ಸೀಗಡಿ ಸುಲಿಯುವ ಮೇಜುಗಳನ್ನು ಬಿಟ್ಟು ಸುತ್ತ ಬಂದಿದ್ದರು. ಸೀಗಡಿಯ ನರ ಬಿಡಿಸುವ ಪುಟ್ಟ ಚಾಕುಗಳು ಅವರ ಕೈಯಲ್ಲೇ ಇದ್ದವು. ಯಾರೂ ಎತ್ತಲಿಲ್ಲ, ಯಾರೂ ಕೆಳಗಿಡಲೂ ಇಲ್ಲ.

ಅವನು ಫೋನು ಕಿವಿಗಿಟ್ಟ. "ಗೇಟ್ ಹಾಕು. ಪೊಲೀಸ್‌ಗೆ ಹೇಳು."

ಹೊರಗೆ ಕಬ್ಬಿಣದ ಗೇಟು ಧಡಾರನೆ ಮುಚ್ಚಿತು. ಯಾರೂ ಕದಲಲಿಲ್ಲ. ಮೇಜುಗಳ ಮೇಲೆ ಐಸು ಕರಗಿ, ಸೀಗಡಿಯ ನಾತ ಮೆಲ್ಲಗೆ ಮೇಲೇಳತೊಡಗಿತು.