ಅಡ್ಡ ಕಿಸೆಯ ಅಂಗಿ

ಎಡತೋಳು ಎದ್ದಿತು, ಬಾ ಎನ್ನುವ ಹಾಗೆ ಎರಡು ಸಲ ಆಡಿತು, ಅಂದಾನಪ್ಪನ ಕೈಯೂ ತಾನಾಗಿಯೇ ಅರ್ಧ ಎದ್ದುಬಿಟ್ಟಿತು — ಥೂ, ಯಾರಾದರೂ ನೋಡಿದರೆ ಏನೆಂದಾರು, ಎತ್ತಿದ ಕೈಯನ್ನು ಹಾಗೆಯೇ ತಲೆಗೆ ಒಯ್ದು ತುರಿಸಿಕೊಂಡ, ತುರಿಕೆಯೇನೂ ಇರಲಿಲ್ಲ. ಗಾಳಿ, ಬರೀ ಗಾಳಿ. ಆ ಹೊಸ ಕಟ್ಟಡದ ಮೂರನೇ ಮಹಡಿಯ ಮೂಲೆಯಲ್ಲಿ ಬಿದಿರಿಗೆ ಕಟ್ಟಿದ ಬೆರ್ಚಪ್ಪ, ಹುಲ್ಲು ತುಂಬಿದ ಹೊಟ್ಟೆ, ಮಡಕೆಯ ತಲೆ, ಸುಣ್ಣದ ಹಲ್ಲು, ಇದ್ದಿಲ ಮೀಸೆ, ಮೈಮೇಲೆ ನೀಲಿ ಗೀಟಿನ ಅಂಗಿ — ಅಂಗಿ ಅಂದಾನಪ್ಪನದು. ಹೊಸ ಕಟ್ಟಡಕ್ಕೆ ಕಣ್ಣು ತಾಗಬಾರದೆಂದು ಕಟ್ಟುತ್ತಾರೆ, ಕಟ್ಟಲಿ, ಯಾರು ಬೇಡ ಅಂದವರು, ಆದರೆ ಕಟ್ಟಡ ತಮ್ಮನದು, ಅಂಗಿ ತನ್ನದು, ಆ ಕಟ್ಟಡದ ಮೇಲೆ ಯಾರದಾದರೂ ಕೆಟ್ಟ ಕಣ್ಣು ಬಿದ್ದಿದ್ದರೆ ಅದು ಅಂದಾನಪ್ಪನದೇ ಎಂದು ಸಿರ್ಸಿ ಪೇಟೆಗೆಲ್ಲ ಗೊತ್ತು, ಕಳ್ಳನ ಕೈಗೇ ಬೀಗದ ಕೈ ಕೊಟ್ಟ ಹಾಗಾಯಿತು. ಇವತ್ತು ಉದ್ಘಾಟನೆ. ಕೆಳಗೆ ಶಾಮಿಯಾನ ಎದ್ದಿದೆ, ಬಾಳೆಕಂಬ ಬಂದಿದೆ, ಮೈಕಿನವನು ಹಲೋ ಹಲೋ ಎಂದು ಬೆಳಗಿನಿಂದ ಯಾರನ್ನೋ ಕರೆಯುತ್ತಲೇ ಇದ್ದಾನೆ, ಅವನಾದರೂ ಕರೆಯುತ್ತಿದ್ದಾನಲ್ಲ ಎಂದುಕೊಂಡ, ನಗು ಬಂತು, ಬಂದ ನಗು ಅಲ್ಲೇ ನಿಂತಿತು, ಯಾಕೆಂದರೆ ತಮ್ಮ ರವಿ ಕರೆದಿಲ್ಲ.

ಅಂಗಿ ಕೊಟ್ಟವನು ತಾನೇ, ಯಾರನ್ನು ಬೈಯುವುದು. ದುರ್ಗಿ ಬಂದಿದ್ದಳು, ಆ ಕಟ್ಟಡದಲ್ಲಿ ಸಿಮೆಂಟು ಹೊರುವವಳು, ನಿಲ್ಕುಂದದ ಕಡೆಯವಳು, ಮಳೆ ನಿಂತ ಮೇಲಿನ ಒಂದು ಮಧ್ಯಾಹ್ನ ಬಾಗಿಲಲ್ಲಿ ನಿಂತು, ಸಾವ್ಕಾರ್ರೆ, ಹಳೇ ಅಂಗಿ ಒಂದಿದ್ರೆ ಕೊಡಿ, ಎಂದಳು. ಪಾಪ, ಗಂಡನಿಗಿರಬೇಕು, ಚೌಡ ಎಂದಲ್ಲವೇ ಅವನ ಹೆಸರು, ಸೆಂಟ್ರಿಂಗ್ ಹಲಗೆ ಬಿಚ್ಚುವಾಗ ಬರಿಮೈಯಲ್ಲೇ ಇರುತ್ತಾನೆ, ಬಟ್ಟೆ ಅಂಗಡಿಯ ಮನೆತನದವರು ಹರಕು ಕೊಡಬಾರದು, ಕೊಟ್ಟರೆ ಹಾಕಿಕೊಳ್ಳುವಂಥದ್ದೇ ಕೊಡಬೇಕು, ಅಪ್ಪನ ಮಾತು — ಟ್ರಂಕು ತೆಗೆದ, ಮೇಲಿದ್ದ ಹರಕುಗಳನ್ನು ಬದಿಗೆ ಸರಿಸಿದ, ಅಡಿಯಲ್ಲಿ ಅದು ಸಿಕ್ಕಿತು, ಈ ಹೊಟ್ಟೆಗೆ ಇನ್ನದು ಹಿಡಿಯುವುದಿಲ್ಲ, ತಗೊಳ್ಳವಾ ಎಂದ. ದುರ್ಗಿ ಎತ್ತಿ ಹಿಡಿದು ನೋಡಿ, ಇಷ್ಟು ಚಲೋದು ಎಂತಕ್ಕೆ ಸಾವ್ಕಾರ್ರೆ, ಎಂದಳು, ಆಗಲಾದರೂ ತನಗೆ ಹೊಳೆಯಬೇಕಿತ್ತು, ನಿನ್ನ ಗಂಡ ಹಾಕ್ಕೊಳ್ಳಿ ಬಿಡು ಎಂದಿದ್ದರೆ ಅವಳು ನಕ್ಕು ನಿಜ ಹೇಳಿಬಿಡುತ್ತಿದ್ದಳು, ಆದರೆ ದಾನ ಕೊಟ್ಟವನ ಗತ್ತು ನೋಡು, ಒಯ್ಯಿ ಒಯ್ಯಿ ಎಂದು ಕೈಬೀಸಿ ಬಾಗಿಲು ಹಾಕಿದ. ಮರುದಿನ ಮಾಳಿಗೆಯ ಕಿಟಕಿ ತೆಗೆದರೆ ಆಕಾಶದಲ್ಲಿ ತಾನೇ ತೂಗುತ್ತಿದ್ದಾನೆ, ಹೊಟ್ಟೆ ತುಂಬ ಹುಲ್ಲು, ಹಲ್ಲು ಕಿರಿದುಕೊಂಡು. ಮೊದಲ ದಿನ ಸಿಟ್ಟು ಬಂತು, ಆಮೇಲೆ ನಾಚಿಕೆ, ಆಮೇಲೆ — ಹೇಳಿದರೆ ನಗುತ್ತಾರೆ — ಬೆಳಗ್ಗೆ ಎದ್ದ ಕೂಡಲೇ ಇದ್ದಾನೋ ಇಲ್ಲವೋ ಎಂದು ನೋಡುವುದೊಂದು ಚಟವಾಯಿತು, ಮಾತಾಡಿಸಲು ಬೇರೆ ಯಾರಿದ್ದಾರೆ, ಗಾಳಿ ಜೋರಾದ ದಿನ ಬಿದ್ದಾನೇನೋ ಎಂದು ಹೆದರಿಕೆಯೂ ಆಗುತ್ತಿತ್ತು.

ಬೆರ್ಚಪ್ಪ, ಅದೇ ಮಾತನ್ನಲ್ಲವೇ ರವಿ ಅಂದದ್ದು. ರಸ್ತೆ ಅಗಲ ಮಾಡುವವರು ಬಂದು ಅಂಗಡಿಯ ಗೋಡೆಗೆ ಕೆಂಪು ಗುರುತು ಎಳೆದು ಹೋದ ವರ್ಷ, ಇಬ್ಬರೂ ಗಾದಿಯ ಮೇಲೆ ಎದುರುಬದುರು ಕೂತು, ಅಣ್ಣಾ, ಪೂರಾ ಒಡದು ಕಟ್ಟೂಣು, ಹ್ಯಾಂಗೂ ಮುಂದಿನ ಅರ್ಧ ಹೋಗತೈತಿ, ಬಾಜೂಕಿನವರೆಲ್ಲ ಕಟ್ಟಾಕ ಹತ್ಯಾರ, ನಾವೊಬ್ರು ಹಂಚಿನ ಕೆಳಗ ಕುಂತು ಯಾರಿಗೆ ಮಾರೂದು, ಎಂದಿದ್ದ ರವಿ. ಒಪ್ಪಬೇಕು, ಅಂಗಡಿ ಸೋರುತ್ತಿತ್ತು, ಗೆದ್ದಲು ಕಪಾಟಿನ ಬೆನ್ನು ತಿಂದು ಸೀರೆಯ ಮಡಿಕೆಯ ತನಕ ಬಂದಿತ್ತು, ಬನವಾಸಿ ಕಡೆಯಿಂದ ಮದುವೆ ಬಟ್ಟೆಗೆ ಬರುತ್ತಿದ್ದ ಮನೆಗಳು ಗಾಜಿನ ಅಂಗಡಿಗಳಿಗೆ ಹೋಗಿ, ದಾರಿಯಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಿದ್ದವು, ಎಲ್ಲ ಗೊತ್ತಿದ್ದೂ ಅವತ್ತು ಬಾಯಿಂದ ಬಂದದ್ದು, ನಾ ಇರೂತನಕ ಒಂದು ಹಂಚೂ ಇಳಸಾಕ ಬಿಡೂದಿಲ್ಲ. ಇರು ಹಂಗಾರ, ಎಂದ ರವಿ, ಎದ್ದು ನಿಂತು, ಬೆಳಿ ಇಲ್ಲದ ಹೊಲದಾಗ ಬೆರ್ಚಪ್ಪ ನಿಂತಂಗ ನಿಂದ್ರು ಇಲ್ಲೇ, ನಿನ್ನ ಕಡೆ ಒಂದು ಹಕ್ಕೀನೂ ಸುಳಿಯೂದಿಲ್ಲ. ಮಕ್ಕಳಿಲ್ಲದವನಿಗೆ ಅಂಥ ಮಾತು ಆಡಬಾರದಿತ್ತು, ಆಡಿದ ಮೇಲೆ ಅವನ ಮುಖವೂ ಬಿಳಿಚಿತ್ತು, ಆದರೆ ಆಡಿದ ಮಾತು ಒಡೆದ ಮುತ್ತು. ಪಾಲಾಯಿತು, ಅಂಗಡಿ ಅವನಿಗೆ, ಗಲ್ಲಿಯ ಮನೆ ತನಗೆ. ಹೀಗಿರುವಾಗ ಆ ಅಂಗಿ ಅಲ್ಲಿಗೇರಿದ್ದು ಹೇಗೆ, ರವಿ ಹೇಳಿ ಕಳಿಸಿದನೋ, ದುರ್ಗಿ ತಾನಾಗಿ ಬಂದಳೋ? ರವಿಗೆ ಗುರುತು ಸಿಕ್ಕಿಲ್ಲ ಅನ್ನುವ ಹಾಗಿಲ್ಲ, ತಂಗಿಯ ಮದುವೆಗೆ ಅಪ್ಪ ಒಂದೇ ಥಾನಿನ ಕೊನೆಯ ಬಟ್ಟೆಯಲ್ಲಿ ಇಬ್ಬರಿಗೂ ಹೊಲಿಸಿದ್ದು, ರವಿಯದಕ್ಕೆ ಮೊದಲು ಕತ್ತರಿ ಬಿತ್ತು, ತನ್ನದಕ್ಕೆ ಬಟ್ಟೆ ಸಾಲದೆ ದರ್ಜಿ ಉಳಿದ ತುಂಡನ್ನು ಅಡ್ಡ ತಿರುಗಿಸಿ ಕಿಸೆ ಹಚ್ಚಿದ, ಅಂಗಿಯಲ್ಲಿ ಗೀಟು ಉದ್ದ, ಕಿಸೆಯಲ್ಲಿ ಅಡ್ಡ, ನಮ್ಮಣ್ಣನ ಕಿಸೇದಾಗ ಏನು ಇಟ್ರೂ ಅಡ್ಡ ಬೀಳತೈತಿ ಎಂದು ರವಿ ಮದುವೆಮನೆಯ ತುಂಬ ಆಡಿಕೊಂಡು ನಕ್ಕಿದ್ದ. ನೋಡಿಯೂ ಬಿಟ್ಟಿದ್ದಾನೆ. ಅಣಕಿಸಲಿಕ್ಕೆ ಬಿಟ್ಟಿರಬೇಕು. ಅಥವಾ — ಈ ಅಥವಾವನ್ನು ಅಂದಾನಪ್ಪ ಯಾವತ್ತೂ ಪೂರ್ತಿ ಮಾಡುವುದಿಲ್ಲ, ಮಾಡಿದರೆ ಆಸೆ ಹುಟ್ಟುತ್ತದೆ, ಈ ವಯಸ್ಸಿನಲ್ಲಿ ಆಸೆ ಮೈಗೆ ಒಗ್ಗುವುದಿಲ್ಲ.

ಕರೆಯುವುದು ಅಂದರೆ ಹೊಸ್ತಿಲ ತನಕ ಬಂದು, ಕೂತು, ಒಂದು ಲೋಟ ನೀರು ಕುಡಿದು, ಬರಬೇಕ್ರಿ ಅನ್ನುವುದು. ಸುನೀಲ, ರವಿಯ ಮಗ, ವಾಟ್ಸಾಪಿನಲ್ಲಿ ಬೀಗರು ನೆಂಟರು ಎಲ್ಲರಿಗೂ ಒಟ್ಟಿಗೆ ಕಾರ್ಡು ಬಿಟ್ಟಿದ್ದಾನೆ, ಕಟ್ಟಡದ ಚಿತ್ರ, ಅದರ ಸುತ್ತ ಮಿನುಗುವ ಹೂವು, ಸಕುಟುಂಬ ಸಪರಿವಾರ, ಅದನ್ನು ನೋಡಿ ಅಂದಾನಪ್ಪ, ಕುಟುಂಬ ಎಲ್ಲಿಂದ ತರಲಿ ಎಂದುಕೊಂಡ. ದಿನಾ ಸಂಜೆ ಬಾಗಿಲು ತೆರೆದಿಟ್ಟು ಕೂತ, ಒಳ್ಳೆಯ ಲೋಟ ಒರೆಸಿಟ್ಟ, ಮೆಟ್ಟಿಲಲ್ಲಿ ಸಪ್ಪಳವಾದರೆ ಪೇಪರು ಎತ್ತಿಕೊಂಡು ಓದುವವನ ಹಾಗೆ ಮಾಡಿದ, ಬಂದವರು ಕರೆಂಟು ಬಿಲ್ಲಿನವರು. ನಿನ್ನೆ ಯಲ್ಲಾಪುರದಿಂದ ತಂಗಿ ಫೋನು, ಅಣ್ಣಾ, ನನಗ ಮಣಕಾಲು, ಬರಾಕ ಆಗೂದಿಲ್ಲ, ನೀ ಹೋಗಿ ಬಂದು ಎಲ್ಲಾ ಹೇಳಬೇಕು ನೋಡು, ರವಿ ಬಂದು ಕರದಾನಲ್ಲ? ಕರದಾನವಾ, ಕರೀದ ಇರತಾನೇನು, ಎಂದುಬಿಟ್ಟ, ತಲೆಯ ಮೇಲೆ ಹೊಡೆದಂಥ ಸುಳ್ಳು, ಫೋನು ಇಟ್ಟಮೇಲೆ ಮನೆ ಎಷ್ಟು ಸುಮ್ಮನಿತ್ತೆಂದರೆ ಫ್ರಿಜ್ಜು ಗುಂಯ್‌ಗುಡುವುದೂ ಒಂದು ಮಾತಾಯಿತು. ಹೆಂಡತಿ ಮುರಿಗೆವ್ವನ ಮಣ್ಣಿಗೆ ಬಂದಿದ್ದನಲ್ಲ ರವಿ, ಬಂದು ಅತ್ತಿಗೆಗೆ ಮೂರು ಹಿಡಿ ಮಣ್ಣು ಹಾಕಿದ, ಮೂಗು ಒರೆಸಿಕೊಂಡ, ತನ್ನ ಹತ್ತಿರ ಬಂದು ನಿಂತ, ಬಾಯಿ ತೆರೆದ, ಯಾರೋ, ಸಾವ್ಕಾರ್ರ, ನಿಮ್ಮ ಗಾಡಿ ತೆಗೀರಿ, ದಾರಿ ಬೇಕು, ಎಂದರು, ಹೋದ. ಅವತ್ತು ಆ ಗಾಡಿ ಬೇರೆ ಕಡೆ ನಿಂತಿದ್ದರೆ ಏನು ಹೇಳುತ್ತಿದ್ದನೋ ಗೊತ್ತಿಲ್ಲ.

ಹಾಲು ತರಬೇಕು. ಹಾಲು ತರಲು ಇಸ್ತ್ರಿ ಮಾಡಿದ ಅಂಗಿ, ಜರಿಯಂಚಿನ ಧೋತರ ಯಾಕೆ ಎಂದು ಕೇಳುವವಳಿಲ್ಲ, ಹಾಕಿಕೊಂಡ, ಹಣೆಗೆ ವಿಭೂತಿ ಹಚ್ಚಿಕೊಂಡ, ಇಳಿದ. ಗಲ್ಲಿಯ ತುದಿಯಲ್ಲಿ ಬಿಸಿಲು ಈಗ ಎರಡೂ ಕಡೆಯಿಂದ ಬೀಳುತ್ತದೆ, ಒಂದು ಸೂರ್ಯನದು, ಒಂದು ಎದುರಿನ ಗಾಜಿನದು, ಹಂಚಿನ ಸಾಲು ಹೋಗಿ ಗಾಜಿನ ಸಾಲು ಬಂದಿದೆ, ಮೊಬೈಲು, ಚಿನ್ನ, ಕನ್ನಡಕ, ಹಲ್ಲಿನ ಡಾಕ್ಟರು, ಮೇಲೆ ಜಿಮ್ಮು. ಸಿದ್ದಾಪುರದ ಬಸ್ಸು ತಪ್ಪಿಸಿಕೊಂಡವರು ಅಪ್ಪನ ಅಂಗಡಿ ಕಟ್ಟೆಯಲ್ಲಿ ಕೂರುತ್ತಿದ್ದರು, ಚೀಲ ಇಟ್ಟು ಪೇಟೆ ಸುತ್ತಿ ಬರುತ್ತಿದ್ದರು, ಅಂದಾನಪ್ಪಾ ಚೀಲ ನೋಡ್ಕೊ ಎಂದರೆ ಸಾಕು, ಏನೂ ಕೊಳ್ಳದವರಿಗೂ ತನ್ನ ಹೆಸರು ಗೊತ್ತಿತ್ತು — ಈಗ ಎಲ್ಲ ಕಡೆ ಮೆಟ್ಟಿಲು, ಎಲ್ಲೂ ಕಟ್ಟೆಯಿಲ್ಲ, ಮೆಟ್ಟಿಲು ಹತ್ತುವುದಕ್ಕೆ, ಕೂತರೆ ವಾಚ್‌ಮನ್ ಏಳಿಸುತ್ತಾನೆ. ಕೆಲಸದವರು ಊಟಕ್ಕೆ ಹೋದ ಹೊತ್ತು ನೋಡಿ ಒಮ್ಮೆ ರವಿಯ ಕಟ್ಟಡದ ಒಳಗೆ ನುಗ್ಗಿದ್ದ, ಯಾರಿಗೂ ಹೇಳಿಲ್ಲ, ಅಪ್ಪ ಕೂರುತ್ತಿದ್ದ ಗಾದಿಯ ಜಾಗ ಎಲ್ಲಿ ಎಂದು ಹುಡುಕಿದ, ಬಾಗಿಲಿಂದ ಎಡಕ್ಕೆ, ಬಾಗಿಲೇ ಎಲ್ಲಿತ್ತು, ಈ ಕಂಬದ ಹತ್ತಿರವೋ ಆ ಕಂಬದ ಹತ್ತಿರವೋ, ಹುಟ್ಟಿ ಬೆಳೆದ ಜಾಗದಲ್ಲಿ ದಾರಿ ತಪ್ಪಿದವನ ಹಾಗೆ ನಿಂತ, ಹೊಸ ಸಿಮೆಂಟಿನ ತಂಪು ವಾಸನೆ, ಎತ್ತರದ ತಾರಸಿ, ಒಂದು ಹನಿ ಸೋರುವುದಿಲ್ಲ, ಬೆಳಕು ಎಷ್ಟು ಬರುತ್ತದೆ, ಸೀರೆ ಬಣ್ಣ ನೋಡಲು ಹೆಂಗಸರು ಇನ್ನು ಬೀದಿಗೆ ಬರಬೇಕಿಲ್ಲ. ಚಲೋ ಕಟ್ಟಿಸ್ಯಾನ, ಎಂದುಬಿಟ್ಟಿತು ಬಾಯಿ, ಖಾಲಿ ಗೋಡೆಗಳು ಅದನ್ನೇ ತಿರುಗಿ ಹೇಳಿದವು. ಆ ಒಂದು ಮಾತನ್ನು ರವಿಯ ಮುಂದೆ ಹೇಳಿಬಿಟ್ಟರೆ ಸಾಕು, ಸತ್ತರೂ ಚಿಂತೆಯಿಲ್ಲ, ಆದರೆ ಹೇಳಲು ಹೋಗಬೇಕಲ್ಲ, ಹೋಗಲು ಕರೆಯಬೇಕಲ್ಲ.

ಎಂತ ಅಂದಾನಪ್ನವ್ರೆ, ಒಳಗೆ ಹೋಗದು ಬಿಟ್ಟು ಇಲ್ಲಿ ಕೂತ್ರಿ, ಎಂದ ವಿಘ್ನೇಶ್ವರ, ಚಾ ಅಂಗಡಿಯವನು, ಕಟ್ಟಡದ ಎದುರಿಗೇ ಇವನ ಗೂಡು, ಮುಂದಿನ ತಿಂಗಳು ಇವನೂ ಜಾಗ ಬಿಟ್ಟು ಏಳಬೇಕಂತೆ. ಹೋಗತೀನ್ರಿ, ಚಾ ಕುಡದು ಹೋಗತೀನಿ, ಎಂದ, ಹಾಲಿನ ಪ್ಯಾಕೆಟ್ಟನ್ನು ಬೆನ್ನ ಹಿಂದೆ ಸರಿಸಿದ, ಉದ್ಘಾಟನೆಗೆ ಯಾರು ಹಾಲು ಹಿಡಿದು ಹೋಗುತ್ತಾರೆ. ರಸ್ತೆಯ ಆಚೆ ರವಿ, ಬಿಳಿ ಧೋತರ, ಹೆಗಲಿಗೆ ಶಲ್ಯ, ತಲೆ ಪೂರ್ತಿ ನರೆತಿದೆ, ಯಾವಾಗ ನರೆಯಿತು, ಎಡಗಾಲು ಸ್ವಲ್ಪ ಎಳೆದು ನಡೆಯುತ್ತಾನೆ, ಅಪ್ಪನೂ ಕೊನೆಗೆ ಹೀಗೇ ನಡೆಯುತ್ತಿದ್ದ, ಓಡಿಹೋಗಿ ಎಣ್ಣೆ ಹಚ್ಚಿಕೋ ಎನ್ನಬೇಕು ಅನಿಸಿತು. ಮೇಲೆ ಚೌಡ ಬಿದಿರು ಬಿಚ್ಚುತ್ತಿದ್ದಾನೆ, ಪೂಜೆ ಮಾಡುವ ಐನಾರು ಬರುವ ಮೊದಲು ಬೆರ್ಚಪ್ಪನನ್ನು ಇಳಿಸಿ ಸುಡಬೇಕು, ಕಣ್ಣೆಲ್ಲ ಅದರ ಜೊತೆ ಹೋಗಬೇಕು. ಹಗ್ಗದಲ್ಲಿ ಇಳಿದು ಬರುತ್ತಿದೆ, ಒಮ್ಮೆ ಬೆನ್ನು, ಒಮ್ಮೆ ಮುಖ, ಜನ ನಗುತ್ತಿದ್ದಾರೆ, ವಿಘ್ನೇಶ್ವರನೂ ನಕ್ಕ, ಪಕ್ಕದ ಖಾಲಿ ಜಾಗದಲ್ಲಿ ಒಡೆದ ಬೂದುಗುಂಬಳದ ಹತ್ತಿರ ಅಂಗಾತ ಮಲಗಿಸಿದರು. ಮುಗಿಯಿತು. ನಾಳೆಯಿಂದ ಕಿಟಕಿ ತೆಗೆದರೆ ಗೋಡೆ ಮಾತ್ರ, ತಂಗಿಗೆ ಏನು ಹೇಳುವುದು, ಊಟ ಚಲೋ ಇತ್ತು ಅಂತ ಹೇಳುವುದು. ಎದ್ದ, ಚಾದ ದುಡ್ಡು ಇಟ್ಟ, ಚೌಡ ಡೀಸೆಲ್ ಬಾಟ್ಲಿಯ ಮುಚ್ಚಳ ತಿರುಗಿಸುತ್ತಿದ್ದಾನೆ.

ತಡಿಯೋ, ಎಂದದ್ದು ರವಿ. ರಸ್ತೆಯ ಈಚೆಗೂ ಕೇಳಿತು, ಹಳೇ ಅಂಗಡಿಯ ದನಿ. ಬಂದ, ನಿಂತು ನೋಡಿದ, ಬಗ್ಗಿ ಹೆಬ್ಬೆರಳಿನಿಂದ ಆ ಅಡ್ಡ ಗೀಟಿನ ಕಿಸೆಯನ್ನು ಒರೆಸಿದ, ಆಮೇಲೆ ಆ ಬಿಳಿ ಧೋತರದಲ್ಲೇ, ಡೀಸೆಲ್ಲು ಚೆಲ್ಲಿದ ಮಣ್ಣಿನಲ್ಲಿ, ಮೊಣಕಾಲೂರಿ ಕೂತುಬಿಟ್ಟ. ಅಪ್ಪಾಜಿ, ಐನಾರು ಬಂದ್ರು, ಎನ್ನುತ್ತಿದ್ದಾನೆ ಸುನೀಲ. ರವಿ ತಲೆ ಎತ್ತುತ್ತಿಲ್ಲ, ಕೆಳಗಿನ ಗುಂಡಿ ಬಿಚ್ಚಿದ, ಅದರ ಮೇಲಿನದು, ಅದರ ಮೇಲಿನದು, ಹುಲ್ಲು ಹೊರಗೆ ಬಂತು, ಕೈಯಲ್ಲಿ ಒಳಗೆ ದಬ್ಬಿದ, ಕುತ್ತಿಗೆಯ ಗುಂಡಿ ಬರುತ್ತಿಲ್ಲ — ಬರುವುದಿಲ್ಲ ಅದು, ಮುರಿಗೆವ್ವ ದಪ್ಪ ದಾರ ಜೋಡಿ ಮಾಡಿ ಹೊಲಿದದ್ದು, ಕಾಜಾ ಬಿಗಿ, ತನಗೂ ಬರುತ್ತಿರಲಿಲ್ಲ. ಎಳೆದರೆ ಹರಿದು ಬರುತ್ತದೆ, ಬಿಸಿಲು ತಿಂದು ನೂಲು ಸತ್ತ ಬಟ್ಟೆ, ಎಳಿ, ಎಳಿಯೋ ರವಿ, ಐನಾರು ಕಾಯುತ್ತಿದ್ದಾರೆ, ಊರೇ ನೋಡುತ್ತಿದೆ. ಎಳೆಯುತ್ತಿಲ್ಲ. ಸಣ್ಣವನಿದ್ದಾಗ ಸಾಲೆಗೆ ಹೊರಡುವ ಹೊತ್ತಿಗೆ ಗದ್ದ ಎತ್ತಿ ನಿಲ್ಲುತ್ತಿದ್ದ, ಅಣ್ಣಾ ಹಾಕು, ತಾನು ಒಂದು ಕೈಯಲ್ಲಿ ಆ ಗದ್ದ ಹಿಡಿದು ಇನ್ನೊಂದರಲ್ಲಿ ಕುತ್ತಿಗೆಯ ಗುಂಡಿ ಹಾಕುತ್ತಿದ್ದ, ಚರ್ಮ ಸಿಕ್ಕದ ಹಾಗೆ, ಮೆಲ್ಲಗೆ — ರವಿಯ ಎಡಗೈ ಮಡಕೆಯ ಗದ್ದ ಎತ್ತಿದೆ, ಬಲಗೈ ಗುಂಡಿಯ ಮೇಲಿದೆ, ಎಳೆಯುತ್ತಿಲ್ಲ, ಎಡಗೈ ಗದ್ದದ ಕೆಳಗೆ, ಬಲಗೈ ಗುಂಡಿಯ ಮೇಲೆ, ಮೆಲ್ಲಗೆ, ಗದ್ದ ಎತ್ತಿ ಹಿಡಿದಿದ್ದಾನೆ, ಎಳೆಯುತ್ತಿಲ್ಲ.